4ಕೆ ಟಿವಿ ಮನೆಗೆ ಬಂದಾಯ್ತು, 4ಕೆ ಚಿತ್ರ ಎಲ್ಲಿ? ಹೈದರಾಬಾದ್ ಕಲಿಸುವ ಪಾಠ

ಹೈದರಾಬಾದ್: 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ ಶೇ 18ಕ್ಕೆ ಇಳಿಯಿತು. ಒಂದು ಕಾಲಕ್ಕೆ ಶ್ರೀಮಂತರ ಮನೆಗಷ್ಟೇ ಸೀಮಿತವಾಗಿದ್ದ 4ಕೆ ಟಿವಿ ಈಗ ಮಧ್ಯಮ ವರ್ಗದ ಕೈಗೂ ಎಟುಕುತ್ತಿದೆ. ಆದರೆ ಟಿವಿ ಗೋಡೆಗೇರಿದ ಮೇಲೆ ಅದರಲ್ಲಿ ಮೂಡುವ ಚಿತ್ರ ನಿಜಕ್ಕೂ 4ಕೆ ಆಗಿರುತ್ತದೆಯೇ? ಧಾರಾವಾಹಿ, ಸುದ್ದಿಗೆ ವಾಹಿನಿಗಳನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಉತ್ತರ ಒಂದೇ: ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಹೈದರಾಬಾದ್ ಒಳ್ಳೆಯ ಉದಾಹರಣೆ. ಸಿನಿಮಾ ಸಿದ್ಧವಾಗುವ ಸ್ಟುಡಿಯೊ, ಟಿವಿ ಜೋಡಿಸುವ ಕಾರ್ಖಾನೆ, ವೇಗದ ಇಂಟರ್ನೆಟ್ ಮೂರೂ ಇಲ್ಲಿವೆ. ಆದರೂ ಸ್ಟುಡಿಯೊದಿಂದ ಹೊರಟ ಚಿತ್ರ ಮನೆಯ ಪರದೆ ತಲುಪುವಷ್ಟರಲ್ಲಿ ಸೊರಗುತ್ತದೆ.

ಸ್ಟುಡಿಯೊ, ಕಾರ್ಖಾನೆ ಎರಡೂ ಸಿದ್ಧ

2022ರ ಆಗಸ್ಟ್‌ನಲ್ಲಿ ಮಹೇಶ್ ಬಾಬು ಹುಟ್ಟುಹಬ್ಬಕ್ಕೆ 2006ರ 'ಪೋಕಿರಿ' ಚಿತ್ರ 4ಕೆ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಮರುತಿಂಗಳೇ ಪವನ್ ಕಲ್ಯಾಣ್ ಅವರ 'ಜಲ್ಸಾ' ಬಂತು. ಅಲ್ಲಿಂದ ತೆಲುಗಿನಲ್ಲಿ 4ಕೆ ಮರುಬಿಡುಗಡೆಯ ಅಲೆಯೇ ಎದ್ದಿತು. ಫಿಲ್ಮ್‌ನಲ್ಲಿ ಚಿತ್ರೀಕರಿಸಿದ ಹಳೆಯ ಸಿನಿಮಾಗಳಿಗೆ ಇದೊಂದು ಅನುಕೂಲ. 35 ಎಂಎಂ ನೆಗೆಟಿವ್ ಸುಸ್ಥಿತಿಯಲ್ಲಿದ್ದರೆ ಅದನ್ನು 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಬಹುದು. 2ಕೆ ಗುಣಮಟ್ಟದಲ್ಲೇ ಮುಗಿಸಿದ ಡಿಜಿಟಲ್ ಸಿನಿಮಾಗಳಿಗೆ ಆ ಅನುಕೂಲವಿಲ್ಲ.

ಬಣ್ಣ, ಬೆಳಕಿನ ವಿಚಾರದಲ್ಲೂ ನಗರ ಮುಂದಿದೆ. ಇಲ್ಲಿನ ಅನ್ನಪೂರ್ಣ ಸ್ಟುಡಿಯೋಸ್‌ನಲ್ಲಿ 2025ರಲ್ಲಿ ಡಾಲ್ಬಿ ವಿಷನ್ ಸೌಲಭ್ಯ ಶುರುವಾಯಿತು. ಟಿವಿ ತಯಾರಿಕೆಯಲ್ಲೂ ತೆಲಂಗಾಣ ಹಿಂದೆ ಬಿದ್ದಿಲ್ಲ. ರೇಡಿಯಂಟ್ ಕಂಪನಿಯ ಕಾರ್ಖಾನೆಯಲ್ಲಿ ತನ್ನ ಸ್ಮಾರ್ಟ್ ಟಿವಿ ತಯಾರಾಗಲಿದೆ ಎಂದು ಶಿಯೋಮಿ 2021ರಲ್ಲೇ ಘೋಷಿಸಿತ್ತು.

ಒಂದು ಚುಕ್ಕಿಗೆ ಹತ್ತೊಂಬತ್ತು ಊಹೆ

ಹಾಗಾದರೆ ಎಡವಟ್ಟು ಎಲ್ಲಿ? ಲೆಕ್ಕ ಸರಳ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಅಂದರೆ ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ ಇರುವುದು 20.7 ಲಕ್ಷ. ಸಾಮಾನ್ಯ ಎಸ್‌ಡಿ ವಾಹಿನಿಯ ಚಿತ್ರದಲ್ಲಿ 720×576 ಲೆಕ್ಕ ಹಿಡಿದರೂ 4.15 ಲಕ್ಷ ಮಾತ್ರ. ಎಸ್‌ಡಿ ವಾಹಿನಿಯನ್ನು 4ಕೆ ಟಿವಿಯಲ್ಲಿ ಹಾಕಿದರೆ ಬರುವ ಪ್ರತಿ ಒಂದು ಚುಕ್ಕಿಗೆ ಉಳಿದ 19 ಚುಕ್ಕಿಗಳನ್ನು ಟಿವಿಯೇ ಊಹಿಸಿ ತುಂಬಬೇಕು. ಹೊಸ ಟಿವಿಯಲ್ಲಿ ಕೇಬಲ್ ಚಿತ್ರ ಹಳೆಯದಕ್ಕಿಂತ ಮಸುಕಾಗಿ ಕಾಣಲು ಇದೂ ಒಂದು ಕಾರಣ.

2000ರಲ್ಲಿ ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿಯ ಬಲದಿಂದ ಬೆಳೆದ ಈಟಿವಿ ಕನ್ನಡವೇ ಇಂದಿನ ಕಲರ್ಸ್ ಕನ್ನಡ. ಅಂದಿನಿಂದ ಇಂದಿನವರೆಗೆ ಕನ್ನಡ ವಾಹಿನಿಗಳು ಎಸ್‌ಡಿಯಿಂದ ಎಚ್‌ಡಿಗೆ ಏರಿವೆ. 24 ಗಂಟೆಯ 4ಕೆ ವಾಹಿನಿ ಮಾತ್ರ ಬಂದಿಲ್ಲ. 2015ರ ವಿಶ್ವಕಪ್ ಕ್ರಿಕೆಟ್ ಹೊತ್ತಿಗೇ ಟಾಟಾ ಸ್ಕೈ 4ಕೆ ಸೆಟ್‌ಟಾಪ್ ಬಾಕ್ಸ್ ತಂದಿತ್ತು ಎಂಬುದನ್ನು ನೆನೆದರೆ ಈ ವಿಳಂಬ ಅಚ್ಚರಿ ಹುಟ್ಟಿಸುತ್ತದೆ. ಕಾರಣ ಹಣಕಾಸಿನದು. ಒಂದು 4ಕೆ ವಾಹಿನಿ ಹಲವು ಎಚ್‌ಡಿ ವಾಹಿನಿಗಳಷ್ಟು ಉಪಗ್ರಹ ಸಾಮರ್ಥ್ಯ ನುಂಗುತ್ತದೆ. ಚಿತ್ರ ಸ್ಪಷ್ಟವಾಯಿತೆಂದು ಜಾಹೀರಾತುದಾರ ಅದೇ ಪ್ರಮಾಣದಲ್ಲಿ ಹೆಚ್ಚು ದುಡ್ಡು ಕೊಡುವುದಿಲ್ಲ.

ಒಟಿಟಿಯೇ ದಾರಿ, ಆದರೆ ಸುಂಕವಿದೆ

ಹೀಗಾಗಿ ಮನೆಗೆ 4ಕೆ ಬರುವ ಮುಖ್ಯ ದಾರಿ ಇಂಟರ್ನೆಟ್. 2023ರ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾ 4ಕೆ ಗುಣಮಟ್ಟದಲ್ಲಿ ಉಚಿತವಾಗಿ ತೋರಿಸಿತ್ತು. ಆದರೆ ಉಚಿತ 4ಕೆ ಎಲ್ಲೆಡೆ ಸಿಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿದ ದರದ ಪ್ರಕಾರ ನೆಟ್‌ಫ್ಲಿಕ್ಸ್‌ನ 199 ರೂಪಾಯಿ ಮತ್ತು 499 ರೂಪಾಯಿ ಯೋಜನೆಗಳಲ್ಲಿ 4ಕೆ ಇಲ್ಲ. ಅದು ಬೇಕಿದ್ದರೆ 649 ರೂಪಾಯಿಯ ಪ್ರೀಮಿಯಂ ಯೋಜನೆಯೇ ಬೇಕು. ಅಂದರೆ ಟಿವಿಗೆ ಒಮ್ಮೆ ಕೊಟ್ಟ ದುಡ್ಡು ಸಾಲದು, ಪ್ರತಿ ತಿಂಗಳೂ ಕೊಡಬೇಕು.

ಇದರ ಜತೆಗೆ ವೇಗವೂ ಬೇಕು. 4ಕೆಗೆ ಕನಿಷ್ಠ 15 ಎಂಬಿಪಿಎಸ್ ವೇಗವಿರಲಿ ಎನ್ನುತ್ತದೆ ನೆಟ್‌ಫ್ಲಿಕ್ಸ್. ಪೂರ್ತಿ ಅದೇ ವೇಗದಲ್ಲಿ ಹರಿದರೆ ಗಂಟೆಗೆ ಸುಮಾರು 6.75 ಜಿಬಿ, ಎರಡೂವರೆ ಗಂಟೆಯ ಸಿನಿಮಾಕ್ಕೆ ಹತ್ತಿರಹತ್ತಿರ 17 ಜಿಬಿ ಡೇಟಾ ಖರ್ಚು. ಹೈದರಾಬಾದ್ ನಗರಕ್ಕೆ ಇದು ಸಮಸ್ಯೆಯಲ್ಲ. ಬೆಂಗಳೂರು ಮೂಲದ ಆಕ್ಟ್ ಕಂಪನಿ 2017ರಲ್ಲೇ ಇಲ್ಲಿ 1 ಜಿಬಿಪಿಎಸ್ ಸಂಪರ್ಕ ಕೊಟ್ಟಿತ್ತು. ನಗರ ದಾಟಿದರೆ ಮಾತು ಬೇರೆ. ತೆಲಂಗಾಣ ಸರ್ಕಾರದ ಟಿ-ಫೈಬರ್ ಯೋಜನೆ 2024ರ ಡಿಸೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಊರುಗಳಲ್ಲಿ ಕರ್ನಾಟಕದ ಗಡಿಗೆ ಹೊಂದಿದ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಕೂಡ ಒಂದು. ಅಲ್ಲಿ ಹೇಳಿದ ವೇಗ 20 ಎಂಬಿಪಿಎಸ್. ಒಬ್ಬರು 4ಕೆ ಸಿನಿಮಾ ಹಾಕಿದರೆ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಮಕ್ಕಳ ಆನ್‌ಲೈನ್ ಪಾಠಕ್ಕೆ ಉಳಿಯುವುದು ಕಾಲು ಪಾಲು.

8ಕೆಗೆ ಕಾಯಬೇಕೇ?

ಜಪಾನ್‌ನ ಎನ್‌ಎಚ್‌ಕೆ 2018ರ ಡಿಸೆಂಬರ್ 1ರಂದೇ 8ಕೆ ವಾಹಿನಿ ಆರಂಭಿಸಿದೆ. ಆದರೆ ಕಣ್ಣಿಗೂ ಒಂದು ಮಿತಿಯಿದೆ. ಎರಡೂವರೆ ಮೀಟರ್ ದೂರದಿಂದ 44 ಇಂಚಿನ ಟಿವಿ ನೋಡುವವರಿಗೆ 2560×1440 ಚುಕ್ಕಿಗಳ ಪರದೆಗಿಂತ 4ಕೆ, 8ಕೆಯಿಂದ ಹೆಚ್ಚಿನ ಲಾಭವಿಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ. ನಮ್ಮ ನಗರಗಳ ಫ್ಲ್ಯಾಟ್‌ಗಳ ಹಾಲ್‌ಗೂ ಈ ಅಳತೆ ಹೊಂದುತ್ತದೆ. ಅಂಥ ಹಾಲ್‌ನಲ್ಲಿ ಚುಕ್ಕಿಗಳ ಸಂಖ್ಯೆಗಿಂತ ಪರದೆಯ ಬೆಳಕು, ಕಪ್ಪು ಬಣ್ಣದ ಆಳವೇ ಕಣ್ಣಿಗೆ ಹೆಚ್ಚು ತಟ್ಟುತ್ತದೆ.

ಮುಂದೇನು?

ಮುಂದಿನ ವರ್ಷಗಳ ನಿಜವಾದ ಬದಲಾವಣೆ ಪರದೆಯ ಹಿಂದೆ ನಡೆಯಲಿದೆ. 2013ರ ಎಚ್‌ಇವಿಸಿ ತಂತ್ರಜ್ಞಾನ ಹಳೆಯ ಪದ್ಧತಿಯ ಸುಮಾರು ಅರ್ಧ ಡೇಟಾದಲ್ಲೇ ಅದೇ ಗುಣಮಟ್ಟದ ಚಿತ್ರ ಕೊಟ್ಟಿತು. 2018ರಲ್ಲಿ ಬಂದ ಎವಿ1 ಅದಕ್ಕಿಂತಲೂ ಮಿತವ್ಯಯಿ. ರಾಯಲ್ಟಿ ಇಲ್ಲದಿರಲಿ ಎಂದೇ ರೂಪಿಸಿದ್ದು. ಇವು ಅಗ್ಗದ ಟಿವಿಗಳಿಗೂ ಹರಡಿದಷ್ಟು ಮದ್ದೂರಿನಂಥ ಊರಿಗೆ 4ಕೆ ಹತ್ತಿರವಾಗುತ್ತದೆ.

ಅಲ್ಲಿಯವರೆಗೆ ಅಂಗಡಿಗೆ ಹೋಗುವ ಗ್ರಾಹಕರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಟಿವಿಯಿಂದ ಸೋಫಾ ಎಷ್ಟು ದೂರ? ಪರದೆ ಎಷ್ಟು ಬೆಳಗುತ್ತದೆ? ಎವಿ1 ಇದೆಯೇ? ಈಗಿರುವ ಒಟಿಟಿ ಯೋಜನೆಯಲ್ಲಿ 4ಕೆ ಸೇರಿದೆಯೇ? ಅಂಗಡಿಯಲ್ಲಿ ಓಡುವ ಡೆಮೊ ವಿಡಿಯೊ ನೋಡಿ ಮರುಳಾಗದೆ, ಮನೆಯಲ್ಲಿ ದಿನಾ ನೋಡುವ ವಾಹಿನಿಯನ್ನೇ ಹಾಕಿಸಿ ನೋಡುವುದು ಜಾಣತನ. ಜಿಎಸ್‌ಟಿ ಇಳಿಕೆಯಿಂದ ಉಳಿದ ಹಣಕ್ಕೆ ಬೆಲೆ ಬರುವುದು ಆಗಲೇ.