ಊರೇ ಊರುಗೋಲಾಗಲಿ

ಸಂಧಿಪ್ರಕರಣವನ್ನು ಬೋಧಿಸುವಾಗ ‘ಊರುಗೋಲು’ ಎಂಬ ಪದವನ್ನು ನಾನು ತಪ್ಪದೆ ಉದಾಹರಿಸುವುದುಂಟು. ಊರು ಎಂಬ ಧಾತುವಿನ ಮುಂದೆ ಕೋಲು ಬಂದಾಗ ಕಕಾರಕ್ಕೆ ಗಕಾರವು ಆದೇಶವಾಗುತ್ತದೆ. ಕೆಲವು ವರ್ಷಗಳ ಹಿಂದೆ ಹಿಂದಿನ ಸಾಲಿನ ಬಾಲಕನೊಬ್ಬನು, “ಗುರುಗಳೇ, ಊರಿನವರು ಕೊಡುವ ಕೋಲೇ ಊರುಗೋಲಲ್ಲವೇ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ವ್ಯಾಕರಣದ ದೃಷ್ಟಿಯಿಂದ ಅದು ತಪ್ಪು. ಲೋಕದ ದೃಷ್ಟಿಯಿಂದ ಅದೆಷ್ಟು ಸರಿಯೆಂಬುದು ನನ್ನ ವಿದ್ಯಾಗುರುಗಳ ಕೊನೆಯ ದಿನಗಳಲ್ಲಿ ಮನವರಿಕೆಯಾಯಿತು.

ನನಗೆ ಹಳಗನ್ನಡ ಕಾವ್ಯಗಳ ಪಾಠ ಹೇಳಿದ ಆ ಹಿರಿಯರು ಹರಿಹರದಲ್ಲಿ, ತುಂಗಭದ್ರೆಗೆ ಸಮೀಪದ ಹಳೆಯ ಮನೆಯೊಂದರಲ್ಲಿ ಒಂಟಿಯಾಗಿ ವಾಸಿಸುತ್ತಿದ್ದರು. ದೂರದೂರಿನ ಮಕ್ಕಳು ಕರೆದರೂ ಹೋಗಲೊಲ್ಲರು. ಹೊಳೆಯ ದಂಡೆ, ಹರಿಹರೇಶ್ವರ ದೇವಾಲಯದ ಕಂಬಗಳ ನೆರಳು, ತಮ್ಮ ಗ್ರಂಥಗಳು, ಇಷ್ಟೇ ಅವರ ಪ್ರಪಂಚ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 14 ಕಿಲೋಮೀಟರು. ಆದರೂ ನಾನು ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಒಂದು ವರ್ಷ ಅವರ ಸವೆದ ಬೆರಳಚ್ಚು ಯಂತ್ರಕ್ಕೆ ಹೊಂದಲಿಲ್ಲ. ಜೀವಿತ ಪ್ರಮಾಣಪತ್ರ ಸಲ್ಲದೆ ಪಿಂಚಣಿ ನಿಂತಿತು. ಅಭಿಮಾನಿಗಳಾದ ಅವರು ಯಾರಿಗೂ ಹೇಳಲಿಲ್ಲ. ರಾತ್ರಿಯ ಊಟವನ್ನು ಬಿಟ್ಟರು. ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದರು. ಮೂರು ತಿಂಗಳಾದ ಮೇಲೆ ವಿಷಯ ತಿಳಿದು ವಿಚಾರಿಸಿದಾಗ, “ನಾನು ಬದುಕಿದ್ದೇನೆಂದು ನನ್ನ ಕೈಯೇ ಸಾಕ್ಷಿ ಹೇಳದಯ್ಯಾ” ಎಂದು ನಕ್ಕರು. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಕೊನೆಗೆ ನೆರೆಮನೆಯ ಕಾಲೇಜು ಹುಡುಗಿಯೊಬ್ಬಳು ಮೊಬೈಲಿಗೆ ಅವರ ಮುಖವನ್ನು ತೋರಿಸಿ ಅರ್ಧ ತಾಸಿನಲ್ಲಿ ಆ ಕಾರ್ಯವನ್ನು ಮುಗಿಸಿದಳು. ಆ ಅನುಕೂಲವು 2021ರಿಂದಲೇ ಇತ್ತು! ಹೇಳುವವರಿರಲಿಲ್ಲ.

ಸೌಲಭ್ಯಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 70 ವರ್ಷ ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಸಲ್ಲಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರ ಕಾಯಿದೆಯಿದೆ. ಸಂಧ್ಯಾ ಸುರಕ್ಷಾ ಯೋಜನೆಯಿದೆ. 14567 ಎಂಬ ಸಹಾಯವಾಣಿಯಿದೆ. ಆದರೆ ಕಾಗದದ ಮೇಲಿನ ಸೌಲಭ್ಯಕ್ಕೂ ಕಟ್ಟೆಯ ಮೇಲೆ ಕುಳಿತ ಮುದುಕರಿಗೂ ನಡುವೆ ಕೊಂಡಿಯಾಗಿ ನಿಲ್ಲುವ ಮನುಷ್ಯನೆಲ್ಲಿ?

ನಮ್ಮ ಅವಳಿ ಊರುಗಳಲ್ಲಿ ಈ ಪ್ರಶ್ನೆ ತೀಕ್ಷ್ಣವಾದುದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳ ಸದ್ದಡಗಿದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಗೊಂಡು ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದೆ. ಅಲ್ಲಿ ಬೆವರು ಸುರಿಸಿದವರು ಈಗ ವೃದ್ಧರು. ಅಂಥ ಕಾರ್ಮಿಕರಿಗೆ ಭವಿಷ್ಯನಿಧಿ ಯೋಜನೆಯ ಕನಿಷ್ಠ ಪಿಂಚಣಿಯೆಂದು 2014ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1000 ರೂಪಾಯಿ.

ಇವರಿಗಾಗಿ ಏನಾದರೂ ಮಾಡಬೇಕೆಂದಾಗ ನಮ್ಮ ಮನಸ್ಸು ಮೊದಲು ವೃದ್ಧಾಶ್ರಮದ ಕಟ್ಟಡದತ್ತ ಓಡುತ್ತದೆ. ದಿಕ್ಕಿಲ್ಲದವರಿಗೆ ಅದು ಅವಶ್ಯವೇ. ಆದರೆ ಬಹುಮಂದಿ ಹಿರಿಯರ ಹಂಬಲ ತಮ್ಮ ಮನೆಯ ಹೊಸ್ತಿಲೊಳಗೇ ಬಾಳಬೇಕೆಂಬುದು. ಅದಕ್ಕೆ ಬೇಕಾದುದು ಅತ್ಯಲ್ಪ: ಬಚ್ಚಲಿನಲ್ಲಿ ಹಿಡಿದೇಳಲು ಒಂದು ಕಬ್ಬಿಣದ ಹಿಡಿ, ಔಷಧಿ ತಂದುಕೊಡುವ ಒಂದು ಕೈ, ಬೆಳಗ್ಗೆ ಬಾಗಿಲು ತೆರೆಯಿತೇ ಎಂದು ನೋಡುವ ಎರಡು ಕಣ್ಣು. ದಾನಿಗಳು ಕ್ಷಮಿಸಬೇಕು, ಈ ಕೈಕಣ್ಣುಗಳ ಮೇಲೆ ಹೆಸರಿನ ಶಿಲಾಫಲಕವನ್ನು ಕೂರಿಸಲಾಗದು.

ಇದು ಅಸಾಧ್ಯವೇನಲ್ಲ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಕಾರ್ಯವು ಮುಂದೆ ಕೇರಳದಾದ್ಯಂತ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ವಾರಕ್ಕೆ ಎರಡು ತಾಸು ಕೊಡಬಲ್ಲ ಸಾಮಾನ್ಯರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗಳಿಗೆ ಹೋದರು. 2008ರಲ್ಲಿ ಸರಕಾರವೇ ಅದನ್ನು ತನ್ನ ನೀತಿಯಾಗಿ ಅಂಗೀಕರಿಸಿತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಎರಡೂ ಊರುಗಳ ಓಣಿಓಣಿಗಳಲ್ಲಿದ್ದಾರೆ. ಒಬ್ಬೊಬ್ಬರು ಐದು ಮನೆಗಳನ್ನು ವಹಿಸಿಕೊಳ್ಳಲಿ. ನವೆಂಬರಿನಲ್ಲಿ ಶಾಲೆಯ ಅಂಗಳದಲ್ಲೇ ಜೀವಿತ ಪ್ರಮಾಣಪತ್ರದ ಕಾರ್ಯ ನಡೆಯಲಿ. ಬರಲಾರದವರ ಮನೆಗೆ ಅಧ್ಯಾಪಕರೊಡನೆ ಮಕ್ಕಳು ಹೋಗಲಿ. ದಾನಿಗಳ ನಿಧಿಯಿಂದ ಒಬ್ಬ ದಾದಿಯ ವೇತನವೂ ಆಟೋ ಬಾಡಿಗೆಯೂ ಸಲ್ಲಲಿ. ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ದಾಸೋಹವಲ್ಲ. ಪಂಕ್ತಿಗೆ ಬರಲಾರದವರಿಗೆ ಬುತ್ತಿ ಮುಟ್ಟಿಸುವುದೂ ದಾಸೋಹವೇ.

ಊರು ಹೊಣೆ ಹೊತ್ತರೆ ಮಕ್ಕಳು ಕರ್ತವ್ಯ ಮರೆತಾರೆಂದು ಕೆಲವರು ಆಕ್ಷೇಪಿಸಬಹುದು. ನನ್ನ ಅನುಭವ ಬೇರೆ. ಆ ಹುಡುಗಿ ನಿತ್ಯ ಹೋಗಿಬರತೊಡಗಿದ ಮೇಲೆ ಗುರುಗಳ ಮಕ್ಕಳು ಅವಳಿಗೆ ವಾರವಾರವೂ ಫೋನು ಮಾಡಿ ತಂದೆಯ ಕ್ಷೇಮ ಕೇಳತೊಡಗಿದರು. ಗುರುಗಳು ಮುಂದೆ ಎರಡು ವರ್ಷ ತಮ್ಮ ಮನೆಯಲ್ಲೇ ಬಾಳಿ, ತಮ್ಮ ಗ್ರಂಥಗಳ ನಡುವೆಯೇ ಕಣ್ಮುಚ್ಚಿದರು.

ಹಿಂದಿನ ಸಾಲಿನ ಆ ಬಾಲಕನ ಉತ್ತರಕ್ಕೆ ಅಂದು ನಾನು ಅಂಕ ಕೊಡಲಿಲ್ಲ. ಅದನ್ನು ಸರಿಯೆಂದು ಸಾಧಿಸುವ ಹೊಣೆ ಈಗ ನಮ್ಮೆಲ್ಲರದು.