ಗುಡಿ ಕಟ್ಟಿದ ಕೈಯೂ ಗ್ರಂಥ ಕಾಯ್ದ ಕೈಯೂ

ವರ್ಷವರ್ಷವೂ ಪುಷ್ಯ ಬಹುಳ ಪಂಚಮಿಯಂದು ಕನ್ನಡನಾಡಿನ ಅನೇಕ ಊರುಗಳಲ್ಲಿ ಶ್ರೀ ತ್ಯಾಗರಾಜಸ್ವಾಮಿಗಳ ಆರಾಧನೆ ನಡೆಯುವುದು. ಪಂಚರತ್ನ ಕೀರ್ತನೆಗಳ ಗೋಷ್ಠಿಗಾನವಾದ ಬಳಿಕ ವಿದ್ವಾಂಸರೊಬ್ಬರು ಎದ್ದುನಿಂತು ಬೆಂಗಳೂರು ನಾಗರತ್ನಮ್ಮನವರ ಹೆಸರನ್ನು ಸ್ಮರಿಸುವುದೂ ವಾಡಿಕೆ. ತಿರುವಯ್ಯಾರಿನಲ್ಲಿ ಕಾವೇರಿಯ ದಂಡೆಯ ಮೇಲೆ ಪಾಳುಬಿದ್ದಿದ್ದ ಸ್ವಾಮಿಗಳ ಸಮಾಧಿಯನ್ನು ಆ ಮಹಾತಾಯಿ ಉದ್ಧರಿಸಿದ ಕಥೆಯನ್ನು ಅವರು ಹೇಳುವರು. ಸ್ವಪ್ನದಲ್ಲಿ ಅಪ್ಪಣೆಯಾಯಿತೆಂಬ ಪ್ರಸಂಗವನ್ನೂ ಬಿಡದೆ ವರ್ಣಿಸುವರು. ಸಭಿಕರಲ್ಲಿ ಹಲವರ ಕಣ್ಣು ಒದ್ದೆಯಾಗುವುದು; ಪ್ರಸಾದ ವಿನಿಯೋಗವಾಗುವುದು; ಜನರು ಧನ್ಯರಾದೆವೆಂದು ಮನೆಗೆ ಮರಳುವರು. ಇದೇ ನಾಗರತ್ನಮ್ಮನವರು 1910ರಲ್ಲಿ ಒಂದು ಕಾವ್ಯವನ್ನು ಸಂಪಾದಿಸಿ ಅಚ್ಚುಮಾಡಿಸಿದರು, ಅದಕ್ಕಾಗಿ ಪಂಡಿತರ ನಿಂದೆಯನ್ನೂ ಸರ್ಕಾರದ ನಿಷೇಧವನ್ನೂ ಎದುರಿಸಿದರು ಎಂಬ ಸಂಗತಿ ಮಾತ್ರ ಆ ಭಾಷಣಗಳಲ್ಲಿ ಬರುವುದೇ ಅಪರೂಪ. ಬಂದರೂ ಕೆಮ್ಮಿನ ನಡುವೆ ಅರ್ಧ ವಾಕ್ಯವಾಗಿ ಬಂದು ಹೋಗುವುದು.

ಈ ಮೌನವನ್ನು ಮರೆವೆಂದು ಕ್ಷಮಿಸಿಬಿಡುವುದು ಸುಲಭ. ಆದರೆ ಮರೆವಿಗೆ ಹೀಗೆ ಆರಿಸಿ ತೆಗೆಯುವ ಜಾಣತನವಿರುವುದಿಲ್ಲ. ಒಬ್ಬಳೇ ಹೆಂಗಸಿನ ಎರಡು ಕಾರ್ಯಗಳಲ್ಲಿ ಒಂದನ್ನು ಮೆರವಣಿಗೆ ಮಾಡಿ ಇನ್ನೊಂದನ್ನು ಅಟ್ಟಕ್ಕೆ ಸೇರಿಸುವವರು, ತಾವು ಏನನ್ನು ಮಾಡುತ್ತಿದ್ದೇವೆಂಬುದನ್ನು ಬಲ್ಲರು. ಆದಕಾರಣ ಆ ಎರಡು ಕಾರ್ಯಗಳನ್ನೂ ಅಕ್ಕಪಕ್ಕದಲ್ಲಿರಿಸಿ ನೋಡುವುದು ಅವಶ್ಯಕ.

ನಾಗರತ್ನಮ್ಮನವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮನವರು ದೇವದಾಸಿ ಕುಲದವರು. ತಂದೆಯ ಆಶ್ರಯ ತಪ್ಪಿದ ಮನೆಯಲ್ಲಿ ಆ ತಾಯಿ ಮಗಳಿಗೆ ವಿದ್ಯೆಯನ್ನೇ ಆಸ್ತಿಯಾಗಿ ಕೊಡಬೇಕೆಂದು ಹಟ ತೊಟ್ಟರು. ಮೈಸೂರಿನಲ್ಲಿ ಸಂಸ್ಕೃತದ ಪಾಠವಾಯಿತು, ಕನ್ನಡ ತೆಲುಗುಗಳಾದುವು, ಸಂಗೀತವೂ ನೃತ್ಯವೂ ಆದುವು. ಮೈಸೂರಿನ ವಿದ್ವತ್ಸಭೆಯಲ್ಲಿ ಮೆಚ್ಚುಗೆ ಪಡೆದು, ಬೆಂಗಳೂರಿನಲ್ಲಿ ಹೆಸರುಗಳಿಸಿ, ಮುಂದೆ ಮದರಾಸಿನಲ್ಲಿ ನೆಲಸಿ, ದಕ್ಷಿಣದ ಊರೂರುಗಳನ್ನು ಸುತ್ತಿ ಕಚೇರಿ ಮಾಡಿದರು, ಹರಿಕಥೆಯನ್ನೂ ನಡೆಸಿದರು. ಊರು ಬದಲಾದರೂ ಓದು ಬಿಡಲಿಲ್ಲ. ತಂಬೂರಿಯ ಜೊತೆಯಲ್ಲಿ ಗ್ರಂಥವೂ ಅವರ ಬದುಕಿನಲ್ಲಿ ಸಾಗಿಬಂತು.

ಹೀಗಿರಲು ಅವರ ದೃಷ್ಟಿಗೆ ಮುದ್ದುಪಳನಿಯ ‘ರಾಧಿಕಾಸಾಂತ್ವನಮು’ ಬಿದ್ದಿತು. ಮುದ್ದುಪಳನಿ ಹದಿನೆಂಟನೆಯ ಶತಮಾನದವಳು. ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದ ವಿದುಷಿ. ರಾಧೆಯು ತಾನೇ ಸಾಕಿ ಬೆಳೆಸಿದ ಇಳೆಯೆಂಬ ಕನ್ಯೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟು, ಅನಂತರ ವಿರಹದಿಂದಲೂ ಈರ್ಷ್ಯೆಯಿಂದಲೂ ಬೇಯುವುದು, ಕಡೆಗೆ ಕೃಷ್ಣನು ಬಂದು ಅವಳನ್ನು ಸಂತೈಸುವುದು: ಇಷ್ಟೇ ಕಥಾವಸ್ತು. ಇದನ್ನು ಆಕೆ 584 ಪದ್ಯಗಳಲ್ಲಿ ಬರೆದಳು. ಕಾವ್ಯದ ಪೀಠಿಕೆಯಲ್ಲಿ ತನ್ನ ವಂಶವನ್ನು ಹೇಳುವಾಗ ಆಕೆ ತನ್ನ ಮನೆಯ ಹೆಂಗಸರನ್ನೂ ಅವರ ವಿದ್ಯೆಯನ್ನೂ ಅಭಿಮಾನದಿಂದ ಹೆಸರಿಸಿದ್ದಳು. ವೆಂಕಟನರಸು ಎಂಬವರು 1887ರಲ್ಲಿ ಅಚ್ಚುಹಾಕಿಸಿ 1907ರಲ್ಲಿ ಪುನರ್ಮುದ್ರಿತವಾದ ಪ್ರತಿಯಲ್ಲಿ ಆ ಪೀಠಿಕೆಯೇ ಇರಲಿಲ್ಲ. ಹಲವು ಪದ್ಯಗಳೂ ಮಾಯವಾಗಿದ್ದುವು. ಕವಯಿತ್ರಿಯ ಕಾವ್ಯವನ್ನು ಉಳಿಸಿಕೊಂಡು ಅವಳ ವಂಶವನ್ನು ಕತ್ತರಿಸಿದಂತಾಗಿತ್ತು.

ಆ ಲೋಪವನ್ನು ಕಂಡು ನಾಗರತ್ನಮ್ಮನವರು ಸುಮ್ಮನಿರಲಿಲ್ಲ. ಹಸ್ತಪ್ರತಿಯನ್ನು ದೊರಕಿಸಿಕೊಂಡರು, ಮುದ್ರಿತ ಪಾಠದೊಡನೆ ಹೋಲಿಸಿದರು, ಬಿಟ್ಟುಹೋದುದನ್ನು ಸೇರಿಸಿ, ಮುನ್ನುಡಿಯನ್ನು ಬರೆದು, ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರ ಮೂಲಕ 1910ರಲ್ಲಿ ಪ್ರಕಟಿಸಿದರು. ತೆಲುಗಿನ ಹಿರಿಯ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನೂ ಅವಳ ಕಾವ್ಯವನ್ನೂ ಅಶ್ಲೀಲವೆಂದು ಹಳಿದಿದ್ದರು. ನಾಗರತ್ನಮ್ಮನವರು ಅದಕ್ಕೆ ಹೆದರದೆ ಉತ್ತರ ಕೊಟ್ಟರು: ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಸಲ್ಲತಕ್ಕದ್ದೋ, ಗಂಡಸರು ಬರೆದ ಇಂಥವೇ ಕಾವ್ಯಗಳನ್ನು ಪಂತುಲು ಅವರು ಪರಿಷ್ಕರಿಸಿ ಪಠ್ಯವಾಗಬಹುದೆಂದು ಒಪ್ಪಿದ್ದು ಹೇಗೆ, ಎಂಬುದು ಅವರ ವಾದದ ಸಾರ. ಆ ಪ್ರಶ್ನೆಗೆ ಸಮಾಧಾನ ದೊರೆಯುವ ಮೊದಲೇ ಸರ್ಕಾರ ನಡುವೆ ಬಂದಿತು. 1911ರಲ್ಲಿ ಗ್ರಂಥವು ಆಕ್ಷೇಪಾರ್ಹವೆಂದು ನಿರ್ಣಯವಾಗಿ ಪ್ರತಿಗಳು ವಶಪಡಿಸಲ್ಪಟ್ಟುವು. ಪಂಡಿತರಲ್ಲಿಯೇ ಕೆಲವರು ನಿಷೇಧ ಸಲ್ಲದೆಂದು ಬಿನ್ನವಿಸಿಕೊಂಡರೂ ಪ್ರಯೋಜನವಾಗಲಿಲ್ಲ. ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನಿಗಳಾಗಿದ್ದಾಗ ಆ ನಿಷೇಧ ತೊಲಗಿತು. ಗ್ರಂಥವು 1952ರಲ್ಲಿ ಮರಳಿ ಅಚ್ಚಾಯಿತು. ನಾಗರತ್ನಮ್ಮನವರು ಕಾಲವಶರಾದುದೂ ಅದೇ 1952ರಲ್ಲಿ.

ಇನ್ನು ಸಮಾಧಿಯ ವಿಷಯ. ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಅದರ ದುಃಸ್ಥಿತಿಯ ಸಮಾಚಾರ ಬಂದಿತು. ನಾಗರತ್ನಮ್ಮನವರು ಅಲ್ಲಿಗೆ ಹೋದರು, ಸ್ಥಳವನ್ನು ದೊರಕಿಸಿಕೊಂಡರು, 1921ರಲ್ಲಿ ಅಸ್ತಿಭಾರ ಹಾಕಿಸಿ 1925ರಲ್ಲಿ ಪ್ರತಿಷ್ಠೆ ನೆರವೇರಿಸಿದರು. ಊರೂರಿನ ಕಚೇರಿಗಳಲ್ಲಿ ಗಳಿಸಿದ ಹಣ ಆ ಕಲ್ಲುಗಾರೆಗಳಿಗೆ ಸಂದಿತು. ಆದರೆ ಅವರು ಕಟ್ಟಿಸಿದ ಗುಡಿಯ ಮುಂದೆ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂಬ ಕಟ್ಟಳೆಯಿದ್ದಿತು. ಆಗ ಅವರು 1927ರಲ್ಲಿ ಹೆಂಗಸರದೇ ಒಂದು ಆರಾಧನೆಯನ್ನು ಏರ್ಪಡಿಸಿದರು. 1941ರ ವೇಳೆಗೆ ಬೇರೆ ಬೇರೆ ಪಕ್ಷಗಳು ಒಂದಾದುವು. ಹೆಂಗಸರ ಕಂಠಕ್ಕೂ ಅಲ್ಲಿ ಎಡೆ ದೊರೆಯಿತು. ತಮ್ಮ ಆಸ್ತಿಯನ್ನು ಆ ಸಮಾಧಿಯ ಸೇವೆಗೆ ಬರೆದಿಟ್ಟಾಗಲೂ ಹೆಂಗಸರಿಗೆ ಅಲ್ಲಿ ತಡೆಯಿರಕೂಡದೆಂಬುದನ್ನು ಅವರು ಮರೆಯಲಿಲ್ಲ.

ಎರಡು ಕಾರ್ಯಗಳ ರೀತಿಯನ್ನೂ ವಾಚಕರು ಈಗ ಹೋಲಿಸಿ ನೋಡಬಹುದು. ಅಲ್ಲಿ ಒಂದು ಹಾಳುಬಿದ್ದ ಸಮಾಧಿ. ಇಲ್ಲಿ ಒಂದು ಹಾಳಾದ ಪಾಠ. ಅಲ್ಲಿ ಮುಳ್ಳುಕಂಟಿಯನ್ನು ಕಡಿದು ವಾಗ್ಗೇಯಕಾರನ ಗುರುತನ್ನು ಬೆಳಕಿಗೆ ತಂದರು. ಇಲ್ಲಿ ಲೋಪಗಳನ್ನು ತುಂಬಿ ಕವಯಿತ್ರಿಯ ಗುರುತನ್ನು ಬೆಳಕಿಗೆ ತಂದರು. ಅಲ್ಲಿ ಹೆಂಗಸು ಹಾಡಬಾರದೆಂದವರಿಗೆ ಉತ್ತರ ಕೊಟ್ಟರು. ಇಲ್ಲಿ ಹೆಂಗಸು ಬರೆಯಬಾರದೆಂದವರಿಗೆ ಉತ್ತರ ಕೊಟ್ಟರು. ಜೀರ್ಣೋದ್ಧಾರವೆಂಬ ಒಂದೇ ಮಾತು ಎರಡಕ್ಕೂ ಸಲ್ಲುವುದು. ಕನ್ನಡದಲ್ಲಿ ‘ಸಂಪಾದನೆ’ ಎಂದರೆ ಹಣದ ಗಳಿಕೆಯೂ ಹೌದು, ಗ್ರಂಥದ ಪರಿಷ್ಕಾರವೂ ಹೌದು. ನಾಗರತ್ನಮ್ಮನವರ ಮೊದಲ ಬಗೆಯ ಸಂಪಾದನೆಯಿಂದ ಕಟ್ಟಿದ ಗುಡಿ ಎಲ್ಲರಿಗೂ ಬೇಕು. ಎರಡನೆಯ ಬಗೆಯ ಸಂಪಾದನೆಯ ಹೆಸರೆತ್ತಿದರೆ ಮುಖ ಸಿಂಡರಿಸುವರು. ದೇವರ ಕಾರ್ಯಕ್ಕೆ ಅವರ ದುಡ್ಡು ಪವಿತ್ರ, ಸಾಹಿತ್ಯದ ಕಾರ್ಯಕ್ಕೆ ಅವರ ಬುದ್ಧಿ ಅಪವಿತ್ರ ಎಂದಂತಾಯಿತಲ್ಲವೆ? ಸ್ವಪ್ನದ ಕಥೆಯನ್ನು ಭಾಷಣಕಾರರು ಅಷ್ಟು ಪ್ರೀತಿಯಿಂದ ಹೇಳುವುದರ ಗುಟ್ಟೂ ಇಲ್ಲಿಯೇ ಇರುವಂತೆ ತೋರುವುದು. ಸ್ವಪ್ನದಲ್ಲಿ ಅಪ್ಪಣೆಯಾದರೆ ಹೆಂಗಸು ನಿಮಿತ್ತಮಾತ್ರಳಾಗುವಳು. ಹಸ್ತಪ್ರತಿಗಳನ್ನು ಹೋಲಿಸಿ ನೋಡುವವಳನ್ನು ಮಾತ್ರ ಹಾಗೆ ನಿಮಿತ್ತವೆಂದು ತಳ್ಳಿಹಾಕಲಾಗದು. ಅಲ್ಲಿ ಅವಳ ವಿವೇಚನೆಯನ್ನೇ ಒಪ್ಪಬೇಕಾಗುವುದು.

ಈ ಮೌನವನ್ನು ಸಮರ್ಥಿಸುವವರು ಹೇಳುವ ಮೊದಲನೆಯ ಮಾತು: ಆ ಕಾವ್ಯ ಶೃಂಗಾರಮಯವಾದುದು, ಗೃಹಸ್ಥರ ಮನೆಗಳಲ್ಲಿ ಪ್ರಸ್ತಾಪಿಸತಕ್ಕದ್ದಲ್ಲ. ಕನ್ನಡದಲ್ಲಿ ನೇಮಿಚಂದ್ರನ ‘ಲೀಲಾವತಿ’ ಏನು? ಜನ್ನನ ‘ಯಶೋಧರಚರಿತೆ’ಯಲ್ಲಿ ರಾಣಿ ಅಮೃತಮತಿ ಪತಿಯ ಹಾಸುಗೆಯನ್ನು ಬಿಟ್ಟು ಅಷ್ಟಾವಂಕನೆಂಬ ಮಾವುತನ ಬಳಿಗೆ ಹೋಗುವುದನ್ನು ಕಾಲೇಜಿನ ಹುಡುಗ ಹುಡುಗಿಯರು ಒಟ್ಟಿಗೆ ಕುಳಿತು ಓದಿ ಪರೀಕ್ಷೆಗೆ ಬರೆದಿಲ್ಲವೆ? ರತ್ನಾಕರವರ್ಣಿಯು ಚಕ್ರವರ್ತಿಯ ಅಂತಃಪುರವನ್ನು ವರ್ಣಿಸುವಾಗ ರಸಿಕರು ಪುಸ್ತಕವನ್ನು ಮುಚ್ಚುವರೆ? ಗಂಡಸು ಬರೆದರೆ ನವರಸಗಳಲ್ಲಿ ಒಂದು, ಹೆಂಗಸು ಬರೆದರೆ ನಡತೆಗೇಡು ಎಂಬ ತೂಕದ ಕಲ್ಲನ್ನು ಯಾವ ಅಲಂಕಾರಶಾಸ್ತ್ರವೂ ಕೊಟ್ಟಿಲ್ಲ. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಮನೆಮನೆಯಲ್ಲಿ ಕೊಂಡಾಡುವುದು ಯುಕ್ತವೇ. ಆದರೆ ಪತಿವ್ರತಾಧರ್ಮವನ್ನು ಬರೆದವಳೊಬ್ಬಳೇ ಕವಯಿತ್ರಿ, ರಾಧೆಯ ಬೇಗೆಯನ್ನು ಬರೆದವಳು ಅಲ್ಲ ಎನ್ನುವವರು ಕಾವ್ಯವನ್ನು ಓದುತ್ತಿಲ್ಲ, ಹೆಣ್ಣು ನೋಡಲು ಹೋಗಿದ್ದಾರೆ.

ಎರಡನೆಯ ಮಾತು: ಅದು ತೆಲುಗಿನ ಗ್ರಂಥ, ಕನ್ನಡಿಗರಿಗೆ ಅದರ ಗೊಡವೆಯೇಕೆ? ಈ ಮಾತನ್ನು ಆಡುವವರ ಮನೆಯ ಮಕ್ಕಳೇ ಸಂಜೆ ಪಾಠದ ಮೇಷ್ಟರ ಮುಂದೆ ಕುಳಿತು ತೆಲುಗು ಕೃತಿಗಳನ್ನು ಹಾಡುವರು. ಹಾಡುವಾಗ ತಡೆಯಾಗದ ಭಾಷೆ ಓದುವಾಗ ಮಾತ್ರ ಪರಭಾಷೆಯಾಗುವುದು ವಿಚಿತ್ರ. ಬೆಂಗಳೂರಿನ ಹೆಸರನ್ನು ತನ್ನ ಹೆಸರಿನೊಡನೆ ಕೊನೆಯವರೆಗೂ ಧರಿಸಿ ತಮಿಳು ನಾಡಿನಲ್ಲಿ ನೆಲಸಿ ತೆಲುಗಿನ ಕಾವ್ಯವನ್ನು ಕಾಯ್ದವರ ವಿಷಯದಲ್ಲಿ ಈ ಗಡಿಯ ಲೆಕ್ಕವನ್ನು ಹೂಡುವುದು ಕನ್ನಡಕ್ಕೆ ಗೌರವ ತರುವುದಿಲ್ಲ.

ಮೂರನೆಯದು ಸ್ವಲ್ಪ ನಯವಾದ ಮಾತು: ಗಾಯಕಿಯು ಗಾಯನದಲ್ಲಿ ನಿಂತರೆ ಚೆನ್ನ, ಹಾಡು, ಹರಿಕಥೆ, ಗ್ರಂಥ, ಗುಡಿ ಎಂದು ಹಲವಕ್ಕೆ ಕೈಯಿಕ್ಕಿದರೆ ಯಾವುದೂ ಪೂರ್ಣವಾಗದು. ಶಾಸ್ತ್ರ ಹೇಳುವುದು ಬೇರೆ. ಹದಿಮೂರನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವನು ಉತ್ತಮ ವಾಗ್ಗೇಯಕಾರನಿಗೆ ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ, ರಸಭಾವಗಳ ಜ್ಞಾನ ಬೇಕೆಂದು ವಿಧಿಸಿದ್ದಾನೆ. ವಾಕ್ಕೂ ಗೇಯವೂ ಒಂದೇ ದೇಹದಲ್ಲಿ ಇರಬೇಕೆಂಬುದೇ ಆ ಹೆಸರಿನ ಅರ್ಥ. ಮೈಸೂರು ವಾಸುದೇವಾಚಾರ್ಯರು ಕೃತಿಗಳನ್ನು ರಚಿಸಿದರು, ಹಾಡಿದರು, ಕನ್ನಡದಲ್ಲಿ ಸ್ಮೃತಿಗ್ರಂಥಗಳನ್ನೂ ಬರೆದರು. ಅವರಿಗೆ ಲೇಖನಿ ಏಕೆಂದು ಯಾರೂ ಕೇಳಲಿಲ್ಲ, ಕೇಳಬಾರದು. ನಾಗರತ್ನಮ್ಮನವರು ಗ್ರಂಥಸಂಪಾದನೆಯೊಡನೆ ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರವನ್ನೂ ರಚಿಸಿದವರು. ಅವರನ್ನು ಮಾತ್ರ ಬರಿಯ ಕಂಠವೆಂದು ಎಣಿಸುವ ಹಕ್ಕು ಯಾರಿಗಿದೆ?

ನಾಲ್ಕನೆಯ ಆಕ್ಷೇಪವೊಂದುಂಟು, ಅದನ್ನು ಮಾತ್ರ ಗೌರವದಿಂದಲೇ ಎದುರಿಸಬೇಕು. ದೇವದಾಸಿಯರ ವಿದ್ಯೆಯನ್ನು ಹೊಗಳುವುದರಿಂದ ಆ ಪದ್ಧತಿಯನ್ನೇ ಹೊಗಳಿದಂತಾಗುವುದೆಂದು ಸಮಾಜಹಿತೈಷಿಗಳು ಅಳುಕುವರು. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ಮದರಾಸಿನ ಶಾಸನ 1947ರಲ್ಲಿಯೂ ಕರ್ನಾಟಕದ ಶಾಸನ 1982ರಲ್ಲಿಯೂ ನಿಷೇಧಿಸಿದುದು ಸರಿಯಾದ ಕಾರ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಪಾಪವನ್ನು ತೊಳೆಯಲೆಂದು ಅದರಲ್ಲಿ ಹುಟ್ಟಿದವರ ಗ್ರಂಥಗಳನ್ನೂ ತೊಳೆದುಹಾಕಿದರೆ, ಮೊದಲು ಅವರ ದೇಹಕ್ಕೆ ಆದ ಅನ್ಯಾಯ ಎರಡನೆಯ ಸಲ ಅವರ ಬುದ್ಧಿಗೆ ಆಗುವುದು. ಇನ್ನೂ ಒಂದು ಮಾತು: ಅವರ ಕೀರ್ತನೆಯನ್ನೂ ಅಭಿನಯವನ್ನೂ ಮರ್ಯಾದಸ್ಥರ ಮನೆಗಳು ಕಲಿತು ತಮ್ಮದಾಗಿ ಮಾಡಿಕೊಂಡವು. ಕಲೆಯನ್ನು ಒಳಕ್ಕೆ ಕರೆದು ಕಲಾವತಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ಸುಧಾರಣೆಯಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬೇಕಾಗಿರುವುದು ಅಲ್ಪವೇ. ಆರಾಧನೆಯ ಭಾಷಣಗಳಲ್ಲಿ 1925ರ ಪ್ರತಿಷ್ಠೆಯ ಜೊತೆಗೆ 1910ರ ಮುದ್ರಣವನ್ನೂ 1911ರ ನಿಷೇಧವನ್ನೂ ಹೇಳಬೇಕು. ಸಾಹಿತ್ಯ ಸಂಘಗಳು ಗ್ರಂಥಸಂಪಾದನೆಯ ಇತಿಹಾಸವನ್ನು ಬರೆಸುವಾಗ ನಂಜನಗೂಡಿನಲ್ಲಿ ಹುಟ್ಟಿದ ಈ ಸಂಪಾದಕಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಜಿಲ್ಲೆಯ ಗ್ರಂಥಾಲಯಗಳಲ್ಲಿ ಅವರು ಕಾಯ್ದ ಕಾವ್ಯದ ಪ್ರತಿಯೊಂದು, ಅವರ ಮುನ್ನುಡಿಯ ಸಮೇತ, ದೊರೆಯುವಂತಿರಬೇಕು. ಅದನ್ನು ಓದಿದ ಬಳಿಕ ಮೆಚ್ಚುವುದೂ ಹಳಿಯುವುದೂ ಓದುಗರ ಇಷ್ಟ. ಮನೆಯಲ್ಲಿ ಸಂಗೀತ ಕಲಿಯುವ ಹೆಣ್ಣುಮಗಳು ನಾಗರತ್ನಮ್ಮನವರು ಯಾರೆಂದು ಕೇಳಿದಾಗ, ಗುಡಿ ಕಟ್ಟಿಸಿದ ಭಕ್ತೆಯೆಂದು ಹೇಳಿ ತಾಯಿತಂದೆಗಳು ಮಾತನ್ನು ಮುಗಿಸಬಾರದು. ಹಾಡಿ ಗಳಿಸಿದವರು, ಓದಿ ತಿಳಿದವರು, ತನಗಿಂತ ಒಂದು ಶತಮಾನಕ್ಕೂ ಹಿಂದಿನ ಕವಯಿತ್ರಿಯ ಪರವಾಗಿ ಪಂಡಿತರನ್ನೂ ಸರ್ಕಾರವನ್ನೂ ಎದುರಿಸಿದವರು ಎಂಬುದನ್ನೂ ಹೇಳಬೇಕು. ಮುದ್ದುಪಳನಿಯ ಪೀಠಿಕೆಯನ್ನು ಕತ್ತರಿಸಿದವರ ಕೆಲಸವನ್ನು ನಾಗರತ್ನಮ್ಮನವರು ಸರಿಪಡಿಸಿದರು. ನಾಗರತ್ನಮ್ಮನವರ ಚರಿತ್ರೆಯ ಪೀಠಿಕೆಯನ್ನೇ ಇಂದು ಕತ್ತರಿಸುತ್ತಿರುವವರು ಆ ಕತ್ತರಿಯನ್ನು ಕೆಳಗಿಡಲಿ.