ಸೀತಾಳೆಗೆ ಬೇಕಾದದ್ದು ಕುಂಡವಲ್ಲ, ಮಡಕೆ

ಬೇಸಿಗೆ ರಜೆ ಮುಗಿಸಿ ಮಲೆನಾಡಿನಿಂದ ಮುಂಬೈಗೋ ಪುಣೆಗೋ ಮರಳುವವರ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಜೊತೆ ಕೆಲವೊಮ್ಮೆ ಒಂದು ಸೀತಾಳೆ ಗಿಡವೂ ಇರುತ್ತದೆ. ಮರದಿಂದ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಬಾಲ್ಕನಿಯ ಪ್ಲಾಸ್ಟಿಕ್ ಕುಂಡಕ್ಕೆ ಕೆಂಪು ಮಣ್ಣು, ಗೊಬ್ಬರ ತುಂಬಿ ನೆಟ್ಟು, ದಿನವೂ ಪ್ರೀತಿಯಿಂದ ನೀರು ಹೊಯ್ಯುತ್ತಾರೆ. ಬೇರು ಕೊಳೆಯುತ್ತದೆ. ಗಿಡ ಸತ್ತ ಮೇಲೆ ಬೈಸಿಕೊಳ್ಳುವುದು ಪಟ್ಟಣದ ಹವೆ.

ಇಲ್ಲಿ ಹವೆಗಿಂತ ಕುಂಡದ ತಪ್ಪು ದೊಡ್ಡದು. ಸೀತಾಳೆ ಮರದ ತೊಗಟೆಗೆ ಅಂಟಿ ಬದುಕುವ ಆರ್ಕಿಡ್. ಮರದ ರಸ ಹೀರುವ ಬಂದಳಿಕೆಯಲ್ಲ. ಅದರ ಬೇರಿಗೆ ಸ್ಪಂಜಿನಂಥ ಹೊರಪದರವಿದೆ. ಮಳೆ ಬಿದ್ದಾಗ ಬೇಗನೆ ನೀರು ಹೀರಿಕೊಂಡು, ಆಮೇಲೆ ಗಾಳಿಗೆ ಒಣಗಬೇಕು. ಒತ್ತಾದ ಮಣ್ಣಿನಲ್ಲಿ ಅದಕ್ಕೆ ಉಸಿರೇ ಇಲ್ಲ.

ಫ್ಲ್ಯಾಟಿನಲ್ಲಿ ಮರ ಎಲ್ಲಿಂದ ತರುವುದು? ಫ್ರಿಜ್ ಬಂದ ಮೇಲೆ ಮೂಲೆ ಸೇರಿದ ನೀರಿನ ಮಡಕೆ ಆ ಕೆಲಸ ಮಾಡಬಲ್ಲದು. ಗಿಡವನ್ನು ಒಳಗೆ ನೆಡುವುದಲ್ಲ, ಹೊರಮೈಗೆ ಹತ್ತಿಯ ದಾರದಿಂದ ಕಟ್ಟುವುದು. ಒಳಗೆ ನೀರು ಮಾತ್ರ. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಆವಿಯಾಗಿ, ಮೈ ತಂಪಾಗಿರುತ್ತದೆ. ಹೊಸ ಬೇರುಗಳು ಅದನ್ನು ತೊಗಟೆಯಂತೆಯೇ ಅಪ್ಪಿಕೊಳ್ಳುತ್ತವೆ. ಬಣ್ಣ ಬಳಿದ ಮಡಕೆ ಮಾತ್ರ ಬೇಡ, ಅದು ಜಿನುಗುವುದಿಲ್ಲ.

ನೀರು ತುಂಬಿಸಿ ಮರೆತುಬಿಡಬಹುದು ಎಂದು ಇದನ್ನು ಹೊಗಳುವವರನ್ನು ನಂಬಬಾರದು. ದೆಹಲಿಯ ಮೇ ತಿಂಗಳ ಬಿಸಿಗಾಳಿಗೆ ಮಡಕೆ ನೋಡನೋಡುತ್ತ ಬರಿದಾಗುತ್ತದೆ. ಮುಂಬೈಯ ಜುಲೈಯಲ್ಲಿ ಅದೇ ಮಡಕೆ ಆರುವುದೇ ಇಲ್ಲ. ಆಗ ನೀರು ಚೆಲ್ಲಿ ಖಾಲಿ ಇಡುವುದೇ ಲೇಸು. ಗಡಸು ಬೋರ್‌ವೆಲ್ ನೀರು ತುಂಬಿದರೆ ಮಡಕೆಯ ಮೈಮೇಲೆ ಬಿಳಿ ಉಪ್ಪು ಕಟ್ಟಿ ಬೇರಿನ ತುದಿ ಕರಕಲಾಗುತ್ತದೆ, ಮಳೆನೀರು ಸಿಕ್ಕರೆ ಒಳ್ಳೆಯದು. ಬಾಯಿಗೆ ಬಿಗಿಯಾದ ಮುಚ್ಚಳವಿಲ್ಲದಿದ್ದರೆ ಸಾಕಿದಂತಾಗುವುದು ಡೆಂಗಿ ಸೊಳ್ಳೆಯನ್ನು. ಉಳಿದದ್ದನ್ನು ಬೇರೇ ಹೇಳುತ್ತದೆ: ನೆಂದಾಗ ಹಸಿರು, ಒಣಗಿದಾಗ ಬೂದಿ ಬಣ್ಣ.

ಆದರೆ ಮಡಕೆ ಸಿಕ್ಕಿತೆಂದರೆ ಕಾಡಿನ ಗಿಡ ಕೀಳಲು ಅಪ್ಪಣೆ ಸಿಕ್ಕಿತೆಂದಲ್ಲ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಗಂಟಿಲ್ಲ. ಸರಿಯಾದ ಶಿಲೀಂಧ್ರದ ನೆರವು ಸಿಕ್ಕರಷ್ಟೇ ಮೊಳಕೆ. ಅಲ್ಲಿಂದ ಹೂ ಬಿಡಲು ವರ್ಷಗಳೇ ಬೇಕು. ಒಂದು ಬಾಲ್ಕನಿಯ ಊರಿನ ನೆನಪಿಗೆ ಆ ಮರ ತೆರುವ ಬೆಲೆ ದುಬಾರಿಯಾಯಿತು. ನರ್ಸರಿಯಲ್ಲೇ ಬೆಳೆಸಿದ ಆರ್ಕಿಡ್‌ಗಳು ದೊಡ್ಡ ಊರುಗಳಲ್ಲೆಲ್ಲ ಸಿಗುತ್ತವೆ, ಅವೂ ಮಡಕೆಯನ್ನು ಒಪ್ಪುತ್ತವೆ. ಗಾಳಿಗೆ ಮುರಿದುಬಿದ್ದ ಮನೆ ತೋಟದ ಕೊಂಬೆಯಲ್ಲಿದ್ದ ಸೀತಾಳೆಯಾದರೆ ಮಾತು ಬೇರೆ. ಅದನ್ನೂ ಚೀಲಕ್ಕೆ ಹಾಕುವ ಮುಂಚೆ ಪಕ್ಕದ ಮರಕ್ಕೆ ಕಟ್ಟಿ ನೋಡಬಹುದು.